ಡ್ರೈಯರನ್ನು ಎರಡೆರಡು ಸಲ ಓಡಿಸುವವರಿಗೆ

ಅಮೆರಿಕಕ್ಕೆ ಮಗಳ ಮನೆಗೆ ಬಂದಾಗಲೆಲ್ಲ ನೋಡುತ್ತೇನೆ, ಬಟ್ಟೆ ಒಣಗಲಿಲ್ಲ ಅಂದರೆ ಈ ಮಕ್ಕಳಿಗೆ ಗೊತ್ತಿರುವುದು ಒಂದೇ, ಡ್ರೈಯರ್ ಅನ್ನುವ ಬಟ್ಟೆ ಒಣಗಿಸುವ ಮೆಷಿನ್ನಿನ ಬಟನ್ನನ್ನು ಇನ್ನೊಮ್ಮೆ ಒತ್ತುವುದು. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ್ದು ಎರಡು ಗಂಟೆ ಉರುಳುತ್ತಿರುತ್ತದೆ. ಕರೆಂಟು ಹಾಳಾಗಿ ಹೋಗಲಿ, ಒಳ್ಳೊಳ್ಳೆ ಕಾಟನ್ ಬಟ್ಟೆ ಸವೆದು ಜಾಳಾಗುತ್ತದಲ್ಲ!

ತೀರ್ಥಹಳ್ಳಿ ಕಡೆಯ ಆಷಾಢದ ಮಳೆಯಲ್ಲಿ ನಮ್ಮಮ್ಮ ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರು ಗಳಕ್ಕೆ ಬಟ್ಟೆ ಹರವುತ್ತಿದ್ದಳು. ಒಂದರ ಮೇಲೊಂದು ಹಾಕಿದರೆ ನಮಗೆ ಬೈಗುಳ. ಬರೀ ಕಾವಿದ್ದರೆ ಸಾಲದು, ಹಸಿಗಾಳಿ ಹೊರಗೆ ಹೋಗಬೇಕು. ಡ್ರೈಯರಿಗೂ ಅಷ್ಟೇ.

ಡ್ರೈಯರಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುವ ಲಿಂಟನ್ನು, ಅಂದರೆ ಬಟ್ಟೆಯಿಂದ ಉದುರುವ ನೂಲಿನ ಜುಂಗನ್ನು, ಪ್ರತಿ ಸಲ ತೆಗೆಯಬೇಕೆಂದು ನಾನು ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ತೆಗೆದೆ, ಮುಗಿಯಿತು ಅನ್ನುವವರು ಕೇಳಿ. ಘಮ್ಮೆನ್ನಲಿ ಅಂತ ಬಟ್ಟೆಯ ಜೊತೆ ಡ್ರೈಯರ್ ಶೀಟ್ ಎಂಬ ಸುವಾಸನೆಯ ಹಾಳೆ ಹಾಕುತ್ತೀರಲ್ಲ, ಅದರ ಜಿಡ್ಡು ಜಾಲರಿಯ ತೂತುಗಳಿಗೆ ಮೆತ್ತಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಜಾಲರಿಯನ್ನು ಹೊರಗೆಳೆದು, ಲಿಂಟ್ ಸುಲಿದು, ಮಟ್ಟಸವಾಗಿ ಹಿಡಿದು ನಲ್ಲಿಯನ್ನು ಸಣ್ಣಗೆ ಬಿಡಿ. ನೀರು ಸರ್ರನೆ ಇಳಿಯಬೇಕು. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನಿಂತಿತೋ, ಗಾಳಿಯೂ ಅಲ್ಲೇ ತಡೆದು ನಿಲ್ಲುತ್ತಿದೆ ಎಂದೇ ಲೆಕ್ಕ. ಕೈ ತಡೆಯುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ಸೋಪು ಚೂರೇ ಚೂರು, ಹಳೇ ಟೂತ್‌ಬ್ರಷ್ಷು. ಎರಡೂ ಕಡೆ, ಮೂಲೆ ಬಿಡದೆ, ಮೆಲ್ಲಗೆ ಉಜ್ಜಿ. ಸ್ಟೀಲ್ ನಾರು ಹಾಕೀರಿ ಜೋಕೆ, ಬಲೆ ಹರಿದುಹೋಗುತ್ತದೆ. (ಅದೇ ಸೋಪನ್ನು ನನ್ನ ದೋಸೆ ಕಾವಲಿಗೆ ಹಚ್ಚಿದವರಿಗೆ ಬೇರೆಯೇ ಮಂಗಳಾರತಿ ಇದೆ.) ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ನೀರು ಬಿಟ್ಟು ನೋಡಿ. ಚೆನ್ನಾಗಿ ಆರಿದ ಮೇಲೇ ಒಳಗಿಡಿ. ಅಲ್ಲಿಯತನಕ ಜಾಲರಿ ಇಲ್ಲದೆ ಡ್ರೈಯರ್ ಓಡಿಸುವ ಬುದ್ಧಿವಂತಿಕೆ ಬೇಡ.

ಜಾಗ ಉಳಿಯಲಿ ಅಂತ ಡ್ರೈಯರನ್ನು ಗೋಡೆಗೆ ನೂಕಿ ಹಿಂದೆ ಹಸಿಗಾಳಿ ಹೊರಹೋಗುವ ಕೊಳವೆಯನ್ನು ಅಪ್ಪಚ್ಚಿ ಮಾಡಿರುತ್ತೀರಿ, ಅದನ್ನೂ ನೋಡಿ. ಡ್ರೈಯರ್ ಓಡುವಾಗ ಮನೆಯ ಹೊರಗೆ ಹೋಗಿ ಗಾಳಿ ಬರುವ ಮುಚ್ಚಳದ ಹತ್ತಿರ ಕೈ ಹಿಡಿಯಿರಿ. ಬಿಸಿಗಾಳಿ ಜೋರಾಗಿ ಬಡಿಯದಿದ್ದರೆ ಕೊಳವೆಯೊಳಗೆ ಲಿಂಟ್ ಕಟ್ಟಿರಬಹುದು. ಬೆಂಕಿ ಹತ್ತಿಕೊಳ್ಳುವುದೂ ಅದಕ್ಕೇ, ತಡಮಾಡದೆ ತೆಗೆಸಿ.

ದಪ್ಪ ಟವೆಲ್ಲಿನ ಜೊತೆ ತೆಳು ಬಟ್ಟೆ ಸೇರಿಸಬೇಡಿ. ಡ್ರಮ್ಮಿನ ಕತ್ತಿನತನಕ ತುರುಕಲೂಬೇಡಿ, ಬಟ್ಟೆ ಹೊರಳಾಡಲು ಜಾಗ ಬೇಡವೇ?

ಡ್ರಮ್ ತಿರುಗುತ್ತಿದ್ದೂ ಬಟ್ಟೆ ತಣ್ಣಗೇ ಇದ್ದರೆ ಅದು ಲಿಂಟಿನ ತಪ್ಪೇ ಆಗಬೇಕೆಂದಿಲ್ಲ. ಇಲ್ಲಿನ ಎಲೆಕ್ಟ್ರಿಕ್ ಡ್ರೈಯರಿಗೆ ಸಾಮಾನ್ಯವಾಗಿ 240 ವೋಲ್ಟ್ ಬೇಕು. ಮನೆಯ ಕರೆಂಟಿನ ಪೆಟ್ಟಿಗೆಯಲ್ಲಿರುವ ಜೋಡಿ ಬ್ರೇಕರಿನ ಒಂದು ಕಡೆ ಕೈಕೊಟ್ಟರೂ ಮೋಟಾರು 120 ವೋಲ್ಟಿನಲ್ಲಿ ತಿರುಗುತ್ತಿರಬಹುದು, ಹೀಟರ್ ಮಾತ್ರ ಕಾಯುವುದಿಲ್ಲ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಆಗಲೂ ತಣ್ಣಗೇ ಇದ್ದರೆ ಡ್ರೈಯರ್ ಬಿಚ್ಚಲು ಹೋಗದೆ ರಿಪೇರಿಯವರಿಗೆ ಫೋನ್ ಮಾಡಿ.