ದಕ್ಕೆಯ ಗಲಾಟೆಯನ್ನು ಹಾಳೆಗೆ ಇಳಿಸುವಾಗ

ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಡೆ, ಬೆಳಿಗ್ಗೆ ಚಿತ್ರ ಬರೆಯಲು ಕೂತರೆ ಕಣ್ಣಿಗೆ ಬೀಳುವುದು ಒಂದೆರಡಲ್ಲ. ಬೋಟು, ಬಲೆ, ಮೀನಿನ ಬುಟ್ಟಿ, ಐಸಿನ ಲಾರಿ, ಕಾಗೆ. ಎಲ್ಲವನ್ನೂ ತುರುಕಿದರೆ ನೋಡುವವರಿಗೆ ಎಲ್ಲಿ ನೋಡಬೇಕೆಂದೇ ಗೊತ್ತಾಗುವುದಿಲ್ಲ. ಅದಕ್ಕೇ ಏನನ್ನು ಬಿಡಬೇಕು ಅಂತ ಮೊದಲು ತೀರ್ಮಾನ ಮಾಡಿಕೊಳ್ಳುತ್ತೇನೆ.

ಹಳೇ ಮದುವೆ ಕಾಗದದಲ್ಲಿ ಒಂದು ಕಿಂಡಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ನನ್ನ ಹಾಳೆ 11ಕ್ಕೆ 15 ಇಂಚು, ಕಿಂಡಿ 5.5ಕ್ಕೆ 7.5 ಸೆಂ.ಮೀ. ಆಕಾರ ಒಂದೇ ಇರಬೇಕು, ಅಷ್ಟೇ. ಒಂದು ಕಣ್ಣು ಮುಚ್ಚಿ ನೋಡಿದರೆ, ಹತ್ತಿರ ಹಿಡಿದಾಗ ಇಡೀ ದಕ್ಕೆ, ಕೈ ಚಾಚಿದಾಗ ಒಂದೇ ಬೋಟು.

ಆಮೇಲೆ ಬೆಂಕಿಪೊಟ್ಟಣದಷ್ಟು ಪುಟ್ಟ ಚಿತ್ರ ಮೂರ್ನಾಲ್ಕು. ಬಿಳಿ, ಬೂದು, ಕಪ್ಪು, ಮೂರೇ ಛಾಯೆ. ಇಲ್ಲಿ ಚೆನ್ನಾಗಿ ಕೂರದ ಚಿತ್ರ ದೊಡ್ಡ ಹಾಳೆಯಲ್ಲೂ ಕೂರುವುದಿಲ್ಲ. ಬಣ್ಣ ಎಷ್ಟು ಚಂದ ಇದ್ದರೂ ಅಷ್ಟೇ.

ಇತ್ತೀಚಿನ ಒಂದು ಚಿತ್ರದಲ್ಲಿ ಆಚೆ ಬೆಂಗರೆಯ ದಡವನ್ನು ಮೇಲಿನ ಮೂರನೇ ಒಂದು ಭಾಗದಲ್ಲಿಟ್ಟೆ. ನಡುವೆ ಇಟ್ಟರೆ ಹಾಳೆ ಎರಡು ತುಂಡಾದ ಹಾಗೆ ಕಾಣುತ್ತದೆ. (ನೀರು ನಿಶ್ಚಲವಾಗಿದ್ದು ಪ್ರತಿಬಿಂಬವೇ ವಿಷಯವಾದರೆ ನಡುವೆಯೂ ಚಂದ. ಇದೇನು ಕಾನೂನಲ್ಲ.) ಬೋಟಿನ ಮೂತಿ ಬಲಗಡೆಯ ಮೂರನೇ ಭಾಗಕ್ಕೆ ಬಂತು. ಕಪ್ಪು ಮೂತಿಯ ಹಿಂದೆ ಬೆಳ್ಳಗಿನ ನೀರು. ಇಡೀ ಚಿತ್ರದಲ್ಲಿ ಕಪ್ಪು ಬಿಳುಪು ಜೋರಾಗಿ ಎದುರಾಗುವ ಜಾಗ ಅದೊಂದೇ, ಕಣ್ಣು ಅಲ್ಲಿಗೇ ಹೋಗುತ್ತದೆ. ಎಡಗಡೆಯಿಂದ ಒಂದು ಹಗ್ಗ ಅತ್ತ ಎಳೆದುಕೊಂಡು ಹೋಗುತ್ತದೆ. ಅದನ್ನು ಹಾಳೆಯ ಮೂಲೆಯಿಂದಲೇ ಶುರು ಮಾಡಲಿಲ್ಲ, ಮಾಡಿದರೆ ಕಣ್ಣು ಅದೇ ದಾರಿಯಲ್ಲಿ ಹೊರಗೆ ಜಾರುತ್ತದೆ.

ಬೋಟಿನ ಕಂಬದ ತುದಿ ಆಚೆ ದಡದ ಗೆರೆಗೆ ಸರಿಯಾಗಿ ತಾಗುತ್ತಿತ್ತು. ಹಾಗೇ ಬರೆದರೆ ಎರಡೂ ಅಂಟಿಕೊಂಡ ಹಾಗೆ ಕಾಣುತ್ತದೆ, ದೂರ ಹತ್ತಿರ ಗೊತ್ತಾಗುವುದಿಲ್ಲ. ಕಂಬವನ್ನು ದಡಕ್ಕಿಂತ ಎತ್ತರಿಸಿದೆ.

ಬಿಡುವುದನ್ನು ಕಲಿಯಲು ಕೆ.ಕೆ. ಹೆಬ್ಬಾರರ ಗೆರೆಚಿತ್ರ ನೋಡಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಕುಣಿಯುವ ಮೈ ಕೆಲವೇ ಗೆರೆಗಳಲ್ಲಿ ನಿಂತಿರುತ್ತದೆ, ಉಳಿದದ್ದು ಖಾಲಿ ಹಾಳೆ.

ಬೋಟಿನವರು ಬಗ್ಗಿ ನೋಡಿ, “ಹೆಸರು ಬರೀಲಿಲ್ವಾ ಮಾರಾಯ್ರೆ?” ಅಂದರು. ಅಕ್ಷರ ಕಂಡಲ್ಲಿ ಕಣ್ಣು ಓದಲು ನಿಲ್ಲುತ್ತದೆ, ಅಲ್ವಾ? ಬೋಟಿನ ಹೆಸರು ಇದ್ದದ್ದು ಮೂತಿಯ ಹತ್ತಿರವೇ. ಹಾಗಾಗಿ ಓದಲು ಬಾರದ ಹಾಗೆ ಎರಡು ಕೆಂಪು ಗೀಟು ಎಳೆದೆ. ಅವರಿಗೆ ಅಷ್ಟು ಸಮಾಧಾನ ಆಗಲಿಲ್ಲ.