ಹಳೆಯ ಮೋಟಾರ್‌ಹೋಮ್: ಎಂಜಿನ್‌ಗಿಂತ ಮೊದಲು ಗೋಡೆ ನೋಡಿ

ಹಳೆಯ ಮೋಟಾರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಮನೆಗಾಡಿ) ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ನಾನು ಎಂಜಿನ್ನಿನ ಪರೀಕ್ಷೆಯನ್ನು ಜೊತೆಗೆ ಬಂದಿದ್ದ ಮೆಕ್ಯಾನಿಕ್‌ಗೆ ಬಿಟ್ಟು, ಒಳಗಿನ ಕಪಾಟುಗಳನ್ನು ಒಂದೊಂದಾಗಿ ತೆರೆದು, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾ, ಹಾಸಿಗೆಯ ಕೆಳಗಿನ ಡಬ್ಬಗಳಲ್ಲಿ ತಲೆಯಿಟ್ಟು ವಾಸನೆ ನೋಡುತ್ತಾ ಆ ಹೊತ್ತನ್ನು ಕಳೆದೆ. ಇದಕ್ಕೆ ಸ್ಪಷ್ಟವಾದ ಕಾರಣವಿದೆ. ಮೋಟಾರ್‌ಹೋಮ್‌ನ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲವೂ ಸಾಮಾನ್ಯವಾಗಿ ಯಾವುದಾದರೂ ವ್ಯಾನ್ ಅಥವಾ ಲಾರಿಯ ಚಾಸಿಯಿಂದ ಬಂದವು. ಅವುಗಳ ಬಿಡಿಭಾಗಗಳೂ ಸಿಗುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಅದರ ಮೇಲಿನ ಮನೆಯಾದರೋ ಬೇರೊಬ್ಬರು ಕಟ್ಟಿದ ಬಾಡಿ. ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹಾಳೆ, ಒಳಗೆ ತೆಳುವಾದ ಪ್ಲೈವುಡ್, ನಡುವೆ ಮರದ ಚೌಕಟ್ಟು ಮತ್ತು ಫೋಮ್. ಹಳೆಯ ಗಾಡಿಗಳಲ್ಲಿ ಬಹುತೇಕ ಇದೇ ರಚನೆ. ಈ ಪದರಗಳ ನಡುವೆ ಒಮ್ಮೆ ನುಗ್ಗಿದ ನೀರಿಗೆ ಹೊರಹೋಗಲು ದಾರಿಯಿಲ್ಲ. ಅದು ಅಲ್ಲೇ ನಿಂತು, ಯಾರ ಕಣ್ಣಿಗೂ ಬೀಳದೆ, ಮರವನ್ನು ಲಡ್ಡು ಹಿಡಿಸುತ್ತದೆ. ಹಳೆಯ ಮೋಟಾರ್‌ಹೋಮ್‌ಗಳ ಆಯುಸ್ಸು ಮುಗಿಯುವುದು ಹೆಚ್ಚಾಗಿ ಹೀಗೆಯೇ, ಎಂಜಿನ್ ಕೆಟ್ಟಲ್ಲ.

ಗಾಡಿ ಕೈಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದರ ನಾಲ್ಕು ಗೋಡೆ, ನೆಲ ಮತ್ತು ಛಾವಣಿಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ತೇವ ಅಳೆಯುವ ಮೀಟರನ್ನು ಅಂಗೈ ಅಗಲದ ಅಂತರದಲ್ಲಿ ಎಲ್ಲೆಡೆ ಇಟ್ಟು, ಬಂದ ಅಂಕಿಯನ್ನು ಆಯಾ ಜಾಗದಲ್ಲೇ ಗುರುತಿಸಿದ್ದು. ಶೇ. 15ರವರೆಗಿನ ಅಂಕಿ ಬಂದರೆ ಚಿಂತೆಯಿಲ್ಲ. 20 ದಾಟಿದರೆ ಎಲ್ಲೋ ನೀರು ಒಳಗೆ ಬರುತ್ತಿದೆ ಎಂದು ಅನುಮಾನಿಸಬೇಕು. 30 ದಾಟಿದಲ್ಲಿ ಮರ ಆಗಲೇ ಮೆತ್ತಗಾಗಿರುವ ಸಂಭವ ಹೆಚ್ಚು. ಒಂದೇ ಒಂದು ಅಂಕಿಗಿಂತ ಅಂಕಿಗಳು ಹರಡಿರುವ ರೀತಿಯೇ ಹೆಚ್ಚು ಹೇಳುತ್ತದೆ. ನನ್ನ ಗಾಡಿಯಲ್ಲಿ ಹಿಂಬದಿಯ ಎಡಮೂಲೆಯ ಬುಡದಲ್ಲಿ ಅಂಕಿ ಅತಿ ಹೆಚ್ಚಾಗಿದ್ದು, ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತಾ, ಛಾವಣಿಯ ಅಂಚಿನವರೆಗೂ ಒಂದು ಸಣ್ಣ ಪಟ್ಟಿಯಂತೆ ಮುಂದುವರಿದಿತ್ತು. ನೀರು ಕಾಣಿಸಿಕೊಳ್ಳುವ ಜಾಗವೂ ಅದು ಒಳಹೊಕ್ಕ ಜಾಗವೂ ಒಂದೇ ಆಗಿರುವುದು ಅಪರೂಪ. ಅದು ಚೌಕಟ್ಟಿನ ಮರವನ್ನು ಹಿಡಿದುಕೊಂಡು ಇಳಿಯುತ್ತದೆ.

ಒಳಹೊಕ್ಕ ಜಾಗವನ್ನು ಕಂಡುಹಿಡಿಯಲು ಪೈಪಿನಿಂದ ನೀರು ಬಿಟ್ಟು ನೋಡಿದೆ. ಇಲ್ಲಿ ಕ್ರಮವೇ ಮುಖ್ಯ. ಮೇಲಿನಿಂದ ನೀರು ಸುರಿದರೆ ಅದು ಎಲ್ಲ ಸಂದುಗಳ ಮೇಲೂ ಹರಿಯುವುದರಿಂದ ಯಾವುದು ಸೋರುತ್ತಿದೆ ಎಂದು ತಿಳಿಯುವುದೇ ಇಲ್ಲ. ಆದ್ದರಿಂದ ಬುಡದಿಂದ ಆರಂಭಿಸಿ, ರಭಸವಿಲ್ಲದ ನೀರನ್ನು ಒಂದೊಂದು ಸಂದಿಗೂ ಸಾಕಷ್ಟು ಹೊತ್ತು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಕುಳಿತವರು ‘ಇಲ್ಲ’ ಎಂದ ಮೇಲೆ ಮಾತ್ರ ಒಂದು ಅಡಿ ಮೇಲಕ್ಕೆ ಹೋಗಬೇಕು. ಕಿಟಕಿಯ ರಬ್ಬರ್ ದಾಟಿತು, ಹಿಂಬದಿಯ ದೀಪ ದಾಟಿತು. ಛಾವಣಿಯೂ ಗೋಡೆಯೂ ಸೇರುವ ಅಂಚಿನ ಅಲ್ಯೂಮಿನಿಯಂ ಪಟ್ಟಿಯನ್ನು ಮುಟ್ಟಿದಾಗ ಒಳಗೆ ಹನಿ ಕಾಣಿಸಿತು. ಆ ಪಟ್ಟಿಯ ಸ್ಕ್ರೂಗಳನ್ನು ಮುಚ್ಚುವ ಪ್ಲಾಸ್ಟಿಕ್ ಎಳೆ ಬಿಸಿಲಿಗೆ ಕುಗ್ಗಿ, ಒಂದು ತುದಿಯಲ್ಲಿ ಬೆರಳಿನಷ್ಟು ಜಾಗ ತೆರೆದುಕೊಂಡಿತ್ತು. ಅಲ್ಲಿಂದ ಒಳಹೋದ ನೀರು ಸ್ಕ್ರೂಗಳನ್ನು ತುಕ್ಕು ಹಿಡಿಸಿ, ಅವುಗಳ ತೂತಿನ ಮೂಲಕವೇ ಮರಕ್ಕೆ ಇಳಿದಿತ್ತು.

ಹೊರಗಿನಿಂದ ಒಂದು ಟ್ಯೂಬ್ ಸಿಲಿಕೋನ್ ಹಚ್ಚಿ ಮುಗಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಒಳಗಿನ ತೇವ ಒಳಗೇ ಉಳಿಯುವುದು ಒಂದು ತೊಂದರೆ. ಸಿಲಿಕೋನ್ ಕಿತ್ತ ಮೇಲೂ ಅದರ ತೆಳುವಾದ ಜಿಡ್ಡು ಮೇಲ್ಮೈಯಲ್ಲಿ ಉಳಿದು ಮುಂದೆ ಸಂದು ಮುಚ್ಚುವ ಯಾವ ಸೀಲೆಂಟೂ ಸರಿಯಾಗಿ ಹಿಡಿಯದಿರುವುದು ಇನ್ನೊಂದು ತೊಂದರೆ. ಜೊತೆಗೆ, ಮೋಟಾರ್‌ಹೋಮ್‌ನ ಸಂದುಗಳು ಎಂದೂ ಸುಮ್ಮನಿರುವುದಿಲ್ಲ. ಆರು ಮೀಟರ್ ಉದ್ದದ ಅಲ್ಯೂಮಿನಿಯಂ ಹಾಳೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಐದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಲು ನೋಡುತ್ತದೆ. ರಾತ್ರಿ ಮತ್ತೆ ಕುಗ್ಗುತ್ತದೆ. ಗಾಡಿ ಓಡುವಾಗ ಇಡೀ ಬಾಡಿ ತಿರುಚಿಕೊಳ್ಳುವುದು ಬೇರೆ. ಈ ಚಲನೆಯನ್ನು ತಾಳಲು ಪೂರ್ತಿಯಾಗಿ ಗಟ್ಟಿಯಾಗದೆ ಮೇಣದಂತೆ ಮೆತ್ತಗೇ ಉಳಿಯುವ ಬ್ಯೂಟೈಲ್ ಟೇಪ್ ಬೇಕು.

ಆದ್ದರಿಂದ ಪಟ್ಟಿಯನ್ನು ಪೂರ್ತಿ ಬಿಚ್ಚಿದೆ. ಹಳೆಯ ಅಂಟನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು ತೆಗೆದೆ, ಏಕೆಂದರೆ ಕಬ್ಬಿಣದ ಅಲಗು ಬಣ್ಣವನ್ನೂ ಹಾಳೆಯನ್ನೂ ಗೀರುತ್ತದೆ. ಉಳಿದ ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ರಬ್ಬರಿನ ಛಾವಣಿ ಇರುವವರು ಪೆಟ್ರೋಲಿಯಂ ಮೂಲದ ದ್ರಾವಕಗಳನ್ನು ಹತ್ತಿರಕ್ಕೂ ತರಬಾರದು. ಅದರಿಂದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬಳಿಕ ಒಳಗಿನ ಪ್ಲೈವುಡ್ಡನ್ನು ಕತ್ತರಿಸಿ ತೆಗೆದು, ಲಡ್ಡಾದ ಮರವನ್ನು ಉಳಿಯಿಂದ ಕೆತ್ತುತ್ತಾ, ಉಳಿಯ ಏಟಿಗೆ ಗಟ್ಟಿ ಸದ್ದು ಬರುವವರೆಗೂ ಹೋದೆ. ಕಣ್ಣಿಗೆ ಕಂಡ ಹಾನಿಗಿಂತ ಒಳಗಿನ ಹಾನಿ ಬಹಳ ದೂರ ಹಬ್ಬಿರುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು. ತೆರೆದ ಗೋಡೆಯನ್ನು ಕೂಡಲೇ ಮುಚ್ಚುವ ಆತುರವೂ ಸಲ್ಲದು. ಮೀಟರಿನ ಅಂಕಿ 15ರ ಕೆಳಗೆ ಇಳಿದು ಅಲ್ಲೇ ನಿಲ್ಲುವವರೆಗೆ ಕಾದೆ. ಅದಕ್ಕೆ ವಾರಗಳೇ ಹಿಡಿದವು.

ಹೊಸ ಮರಕ್ಕೆ ಕೊಳೆನಿರೋಧಕ ಹಚ್ಚಿ ಒಣಗಿಸಿ, ಹಳೆಯ ಗಟ್ಟಿ ಮರದೊಂದಿಗೆ ಓರೆಯಾಗಿ ಕತ್ತರಿಸಿದ ಜೋಡಣೆಯಿಂದ ಕೂಡಿಸಿ, ಪಾಲಿಯುರೆಥೇನ್ ಅಂಟಿನಿಂದ ಕೂರಿಸಿದೆ. ನೇರ ಕತ್ತರಿಸಿ ತಲೆಗೆ ತಲೆ ಕೂಡಿಸಿದರೆ ಗಾಡಿಯ ಅಲುಗಾಟಕ್ಕೆ ಆ ಜೋಡಣೆ ಬಿಡುತ್ತದೆ. ಪಟ್ಟಿಯನ್ನು ಬ್ಯೂಟೈಲ್ ಟೇಪಿನ ಮೇಲೆ ಕೂರಿಸಿ ಸ್ಟೇನ್‌ಲೆಸ್ ಸ್ಕ್ರೂಗಳನ್ನು ನಡುವಿನಿಂದ ಎರಡೂ ತುದಿಗಳ ಕಡೆಗೆ ಬಿಗಿದೆ. ಮರುದಿನ ಟೇಪ್ ಹರಡಿಕೊಂಡ ಮೇಲೆ ಮತ್ತೊಮ್ಮೆ ಬಿಗಿದು, ಹೊರಗೆ ಉಕ್ಕಿದ ಭಾಗವನ್ನು ಕತ್ತರಿಸಿದೆ. ಈಗ ಪ್ರತಿ ಮಳೆಗಾಲದ ಮೊದಲೂ ನಂತರವೂ ಅದೇ ನಕ್ಷೆಯ ಪ್ರತಿಯ ಮೇಲೆ ಅಂಕಿಗಳನ್ನು ತುಂಬುತ್ತೇನೆ. ಆ ಕಾಗದಗಳ ಕಟ್ಟು ನನ್ನ ಮಟ್ಟಿಗೆ ಗಾಡಿಯ ಸರ್ವಿಸ್ ಪುಸ್ತಕಕ್ಕಿಂತ ಬೆಲೆಯುಳ್ಳದ್ದು.

ಎರಡನೆಯ ದೊಡ್ಡ ಕೆಲಸ ವಿದ್ಯುತ್ತಿನದು. ನೀರಿನ ಪಂಪ್ ಏದುಸಿರು ಬಿಡುತ್ತಿತ್ತು, ಅದು ಓಡುವಾಗ ದೀಪಗಳು ಮಂಕಾಗುತ್ತಿದ್ದವು. ಇಂಥಲ್ಲಿ ಹೊಸ ಬ್ಯಾಟರಿ ತರುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು. ಸೀಸ-ಆಮ್ಲದ ಬ್ಯಾಟರಿಯಲ್ಲಿ 12.7 ಎಂದರೆ ಪೂರ್ತಿ ತುಂಬಿದ್ದು, 12.2 ಎಂದರೆ ಸುಮಾರು ಅರ್ಧ. ಹಾಗಾಗಿ ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಪಂಪಿನ ನೆಗೆಟಿವ್ ತುದಿಗೂ ಇಟ್ಟೆ. ಅಲ್ಲಿ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು. ಬಂದದ್ದು ಒಂದು ವೋಲ್ಟಿಗಿಂತ ಹೆಚ್ಚು. ನೆಗೆಟಿವ್ ತಂತಿಯನ್ನು ಚಾಸಿಗೆ ಕೂಡಿಸುವ ಅರ್ತ್ ಬೋಲ್ಟಿನ ಕೆಳಗೆ ತುಕ್ಕು ತುಂಬಿಕೊಂಡಿತ್ತು. ಅದನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿದ ಮೇಲೆ ಪಂಪೂ ದೀಪಗಳೂ ಸರಿಯಾದವು. ಹಳೆಯ ಗಾಡಿಯಲ್ಲಿ ವಿದ್ಯುತ್ತಿನ ಯಾವುದೇ ವಿಚಿತ್ರ ತೊಂದರೆಗೂ ನಾನು ಮೊದಲು ಅರ್ತ್ ನೋಡುತ್ತೇನೆ.

ಗ್ಯಾಸಿನ ವಿಷಯದಲ್ಲಿ ನಾನು ಮಾಡುವುದು ಇಷ್ಟೇ: ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು, ರಬ್ಬರ್ ಪೈಪಿನ ಮೇಲಿನ ತಾರೀಖು ಓದಿ ಅವಧಿ ಮುಗಿದಿದ್ದರೆ ಬದಲಿಸುವುದು, ನೆಲದಲ್ಲಿರುವ ಗಾಳಿಕಿಂಡಿಗಳನ್ನು ತೆರೆದಿಡುವುದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಕ್ಕೆ ಇಳಿಯುತ್ತದೆ. ಚಳಿಗಾಳಿ ಬರುತ್ತದೆಂದು ಆ ಕಿಂಡಿಗಳನ್ನು ಮುಚ್ಚುವುದು ಪ್ರಾಣಕ್ಕೇ ಅಪಾಯ. ಇನ್ನುಳಿದುದೆಲ್ಲ ಅರ್ಹ ತಂತ್ರಜ್ಞರ ಕೆಲಸ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಾಂ ಇಲ್ಲದ ಗಾಡಿಯಲ್ಲಿ ಯಾರೂ ಮಲಗಬಾರದು.

ಗ್ಯಾಸಿನಿಂದಲೂ ಓಡುವ ಫ್ರಿಜ್ ಬಗ್ಗೆ ನನಗೆ ವಿಶೇಷ ಗೌರವವಿದೆ. 1922ರಲ್ಲಿ ಸ್ವೀಡನ್ನಿನ ಬಾಲ್ಟ್ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದ ಈ ವಿಧಾನದಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವೇ ಇಲ್ಲ. ಅಮೋನಿಯಾ, ನೀರು ಮತ್ತು ಹೈಡ್ರೋಜನ್ನುಗಳನ್ನು ಸಣ್ಣ ಜ್ವಾಲೆಯೊಂದು ಸುತ್ತಿಸುತ್ತದೆ. ಒಳಗಿನ ದ್ರವ ಗುರುತ್ವದಿಂದಲೇ ಹರಿಯಬೇಕಾದ್ದರಿಂದ ನಿಲ್ಲಿಸಿದ ಗಾಡಿ ಸಮತಟ್ಟಾಗಿರಬೇಕು. ನನ್ನ ಫ್ರಿಜ್ ತಣ್ಣಗಾಗದಿದ್ದಾಗ ಗ್ಯಾಸ್ ತಂತ್ರಜ್ಞರು ಬರ್ನರ್ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದೆ: ಹೊಗೆಕೊಳವೆಯಿಂದ ಉದುರಿದ ತುಕ್ಕಿನ ಪುಡಿ ಅದರ ಮೇಲೆ ಕುಳಿತು ಜ್ವಾಲೆಯನ್ನು ಹಳದಿಯಾಗಿಸಿತ್ತು. ಸ್ವಚ್ಛಗೊಳಿಸಿದ ಮೇಲೆ ಜ್ವಾಲೆ ನೀಲಿಯಾಯಿತು, ಪೆಟ್ಟಿಗೆ ತಣ್ಣಗಾಯಿತು. ಅನಿಲ ಬರುವ ಜೆಟ್‌ನ ತೂತಿಗೆ ತಂತಿ ಹಾಕದೆ ಆಲ್ಕೋಹಾಲ್‌ನಲ್ಲಿ ನೆನೆಸಿಟ್ಟದ್ದನ್ನೂ ಆಗ ಗಮನಿಸಿದೆ, ಏಕೆಂದರೆ ಆ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಜ್ವಾಲೆ ಕೆಡುತ್ತದೆ. ಹಿಂಬದಿಯಲ್ಲಿ ಹಳದಿ ಪುಡಿಯೂ ಅಮೋನಿಯಾದ ವಾಸನೆಯೂ ಕಂಡರೆ ಮಾತ್ರ ಕೊಳವೆಯೇ ತೂತಾಗಿದೆ ಎಂದು ತಿಳಿದು ಫ್ರಿಜ್ ಆಫ್ ಮಾಡಿಬಿಡಬೇಕು.

ಚಾಸಿಯ ಕೆಲಸಗಳಲ್ಲಿ ಕಿಲೋಮೀಟರಿಗಿಂತ ವಯಸ್ಸನ್ನೇ ಲೆಕ್ಕ ಹಾಕುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಗಾಡಿ ಓಡಲಿ, ನಿಲ್ಲಲಿ, ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಟೈಮಿಂಗ್ ಬೆಲ್ಟಿಗೂ ತಯಾರಕರು ವರ್ಷಗಳ ಮಿತಿ ಹೇಳಿದ್ದರೆ ಅದನ್ನು ದಾಟುವುದಿಲ್ಲ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳಿರುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ: 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಮೋಟಾರ್‌ಹೋಮ್‌ನ ಟೈರ್ ಸವೆಯುವ ಮೊದಲೇ ಮುಪ್ಪಾಗುತ್ತದೆ. ಹೊರೆ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಂತಿರುವುದರಿಂದ ಬದಿಗಳಲ್ಲಿ ಸಣ್ಣ ಬಿರುಕು ಮೂಡುತ್ತದೆ. ಹೊಸ ಟೈರ್ ಹಾಕಿಸುವ ಮೊದಲು ನೀರು, ಸಾಮಾನು, ಜನ ಎಲ್ಲ ತುಂಬಿಕೊಂಡು ಲಾರಿ ತೂಗುವ ವೇಬ್ರಿಜ್‌ಗೆ ಹೋಗಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ, ಬಂದ ಅಂಕಿಗೆ ತಕ್ಕ ಭಾರಸೂಚಿಯ (ಟೈರ್ ಹೊರಬಲ್ಲ ತೂಕವನ್ನು ಹೇಳುವ ಸಂಖ್ಯೆ) ಟೈರನ್ನೇ ಆರಿಸಿದೆ. ಗಾಳಿಯ ಒತ್ತಡವನ್ನೂ ಆ ತೂಕಕ್ಕೆ ಟೈರ್ ತಯಾರಕರು ಕೊಟ್ಟಿರುವ ಕೋಷ್ಟಕದಿಂದಲೇ ತೆಗೆದುಕೊಂಡು, ಟೈರ್ ತಣ್ಣಗಿರುವಾಗ ತುಂಬಿಸುತ್ತೇನೆ.