ಬಾಡಿಗೆ ಮನೆಯಲ್ಲಿ ಗೌರಿ-ಗಣೇಶ: ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ಶ್ರಾವಣ ಕಳೆಯುತ್ತಾ ಬಂತೆಂದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಗೆ ಹೊಸದಾಗಿ ಬಂದ ಕನ್ನಡದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ: ಹಬ್ಬ ಇಲ್ಲಿ ಯಾವತ್ತು, ಪತ್ರೆ ಎಲ್ಲಿ ಸಿಗುತ್ತದೆ, ಆರತಿ ಬೆಳಗಿದರೆ ಅಲಾರಂ ಹೊಡೆದುಕೊಳ್ಳುತ್ತದೆಯೇ, ಗಣಪತಿಯನ್ನು ಎಲ್ಲಿ ಬಿಡುವುದು. ಹಾಸನದ ಕಡೆಯಿಂದ ಬಂದು ಇಲ್ಲಿ 20 ವರ್ಷಕ್ಕೂ ಮಿಕ್ಕಿ ಸಂಸಾರ ನಡೆಸಿರುವ ನಾನು ಪ್ರತಿವರ್ಷ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನೇ ಈಗ ಒಂದೆಡೆ ಬರೆದಿಡುತ್ತಿದ್ದೇನೆ. ನಮ್ಮದು ಹಳೇ ಮೈಸೂರು ಸೀಮೆಯ ಪದ್ಧತಿ. ಕರಾವಳಿಯವರು, ಉತ್ತರ ಕರ್ನಾಟಕದವರು ಮಾಡುವ ಕ್ರಮ ಬೇರೆ ಇರುತ್ತದೆ. ಅಲ್ಲೆಲ್ಲ ನಿಮ್ಮ ಮನೆಯ ಹಿರಿಯರ ಮಾತೇ ನಿಮಗೆ ಪ್ರಮಾಣ.

ಮೊದಲು ದಿನದ ವಿಚಾರ. ಊರಿನಿಂದ ಬಂದ ವಾಟ್ಸಾಪ್ ಸಂದೇಶವನ್ನಾಗಲಿ, ಅಡುಗೆಮನೆಯಲ್ಲಿ ತೂಗುಹಾಕಿದ ಬೆಂಗಳೂರಿನ ಕ್ಯಾಲೆಂಡರನ್ನಾಗಲಿ ನೋಡಿ ಆಫೀಸಿಗೆ ರಜೆ ಹಾಕಬೇಡಿ. ಚಂದ್ರನು ಸೂರ್ಯನಿಂದ 12 ಡಿಗ್ರಿಯಷ್ಟು ಮುಂದೆ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಅದು ಲೋಕಕ್ಕೆಲ್ಲ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ, ಒಂದೇ ಕ್ಷಣದಲ್ಲಿ ಬಿಡುತ್ತದೆ. ಆದರೆ ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುವ ಇಲ್ಲಿಯ ಗಡಿಯಾರದಲ್ಲಿ ನಾವು ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುವುದರಿಂದ ಅಲ್ಲಿಯ ಮಧ್ಯಾಹ್ನ ನಮಗೆ ನಡುರಾತ್ರಿಯಾಗಿರುತ್ತದೆ. ಗಣೇಶನ ಹಬ್ಬಕ್ಕೆ ಬೇಕಾದದ್ದು ಮಧ್ಯಾಹ್ನದ ಹೊತ್ತಿಗೆ ಚೌತಿ ಇರುವ ದಿನ. 2025ರಲ್ಲಿ ಚೌತಿಯು ಭಾರತದಲ್ಲಿ ಆಗಸ್ಟ್ 26ರ ಮಧ್ಯಾಹ್ನ ಎರಡು ಗಂಟೆಗೆ ಸ್ವಲ್ಪ ಮುಂಚೆ ಹಿಡಿದು ಮರುದಿನ ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ ಬಿಟ್ಟಿತು; ಆದ್ದರಿಂದ ಅಲ್ಲಿ 26ಕ್ಕೆ ಗೌರಿ, 27ಕ್ಕೆ ಗಣೇಶ. ಅದೇ ಚೌತಿ ನಮ್ಮಲ್ಲಿ 26ರ ನಸುಕಿನ ಒಂದೂವರೆಯೊಳಗೆ ಹಿಡಿದು 27ರ ನಸುಕಿನ ಮೂರೂಕಾಲಕ್ಕೆ ಮುಗಿದೇ ಹೋಗಿತ್ತು. ಹಾಗಾಗಿ ಇಲ್ಲಿ ಗೌರಿ 25ರ ಸೋಮವಾರ, ಗಣೇಶ 26ರ ಮಂಗಳವಾರ. ಆ ವರ್ಷ ಬೆಂಗಳೂರಿನ ತಾರೀಖನ್ನೇ ಹಿಡಿದು 27ಕ್ಕೆ ಪೂಜೆ ಮಾಡಿದವರು ಸಂಕಲ್ಪದಲ್ಲಿ ಚೌತಿ ಎಂದು ಹೇಳುವಾಗ ಇಲ್ಲಿ ಪಂಚಮಿ ನಡೆಯುತ್ತಿತ್ತು. ಎಲ್ಲ ವರ್ಷವೂ ಹೀಗೆ ವ್ಯತ್ಯಾಸ ಬರುವುದಿಲ್ಲ. ಆದರೂ ಸ್ಯಾನ್ ಹೋಸೆ ಅಥವಾ ನಿಮ್ಮ ಊರಿನ ಹೆಸರು ಕೊಟ್ಟು ಪಂಚಾಂಗ ತೆರೆದು ನೋಡಿ, ಇಲ್ಲವೇ ಹತ್ತಿರದ ದೇವಸ್ಥಾನದ ಪಟ್ಟಿಯನ್ನು ನೋಡಿ. ಇಲ್ಲಿ ಆ ದಿನಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ ಒಂದು ಗಂಟೆ ದಾಟಿದ ಮೇಲೆ. ಪೂಜೆಯ ಮಧ್ಯಾಹ್ನಕಾಲವೆನ್ನುವುದು ಸುಮಾರು ಹನ್ನೊಂದೂಮುಕ್ಕಾಲರಿಂದ ಎರಡೂಕಾಲರವರೆಗೆ ಇರುತ್ತದೆ. ಇಡೀ ದಿನದ ರಜೆ ಸಿಗದವರು ಊಟದ ವಿರಾಮಕ್ಕೆ ಇನ್ನೊಂದು ಗಂಟೆ ಸೇರಿಸಿಕೊಂಡರೂ ಕಾಲ ತಪ್ಪದಂತೆ ಪೂಜೆ ಮುಗಿಸಬಹುದು. ಶನಿವಾರಕ್ಕೆ ಮುಂದೂಡಿ ಮಾಡುವವರೂ ಬಹಳ ಮಂದಿ ಇದ್ದಾರೆ. ಅದು ನೆಂಟರಿಷ್ಟರನ್ನು ಕರೆದು ಊಟ ಹಾಕುವುದಕ್ಕೆ ಸರಿ. ಪೂಜೆಯನ್ನು ಮಾತ್ರ, ಚಿಕ್ಕದಾಗಿಯಾದರೂ, ತಿಥಿಯ ದಿನವೇ ಮಾಡಿ ಎಂಬುದು ನನ್ನ ಅಭಿಪ್ರಾಯ.

ಊರಿನಿಂದ ಬರುವವರ ಕೈಯಲ್ಲಿ ಏನೇನು ತರಿಸಬಾರದು ಎಂಬುದನ್ನು ಮೊದಲೇ ತಿಳಿದಿರಿ. ಮಾವಿನೆಲೆ, ವೀಳ್ಯದೆಲೆ, ಕರಿಬೇವು, ಹೂವು, ಹಣ್ಣು ಇವನ್ನು ವಿಮಾನ ನಿಲ್ದಾಣದಲ್ಲಿ ತೆಗೆದುಹಾಕುತ್ತಾರೆ, ಹೇಳದೆ ತಂದರೆ ದಂಡವನ್ನೂ ಹಾಕುತ್ತಾರೆ. ಅಕ್ಕಿಯೂ ಬರುವಂತಿಲ್ಲ, ಭಾರತದಂಥ ದೇಶಗಳಿಂದ ಧಾನ್ಯದ ಹುಳು ಬಂದೀತೆಂಬ ಭಯ ಇವರಿಗೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಅಕ್ಷತೆಯ ಪೊಟ್ಟಣವೂ ಈ ಲೆಕ್ಕಕ್ಕೇ ಬರುತ್ತದೆ, ಆದ್ದರಿಂದ ಇಲ್ಲಿ ಕೊಂಡ ಸೋನಾ ಮಸೂರಿಗೇ ಅರಿಶಿನ ಹಚ್ಚಿಕೊಳ್ಳಿ. ತರಿಸಿಕೊಳ್ಳಬೇಕಾದದ್ದೆಂದರೆ ಕರಿಮಣಿ, ಬಿಚ್ಚೋಲೆ, ಗಾಜಿನ ಬಳೆ, ರವಿಕೆ ಕಣ, ಹದಿನಾರು ಗಂಟಿನ ಗೌರಿದಾರಕ್ಕೆ ಬೇಕಾದ ನೂಲು. ಗೆಜ್ಜೆವಸ್ತ್ರಕ್ಕೆ ಮತ್ತು ಹೂಬತ್ತಿಗೆ ಇಲ್ಲಿಯ ಔಷಧಿ ಅಂಗಡಿಯ ಹತ್ತಿಯೇ ಸಾಕಾಗುತ್ತದೆ, ಪೊಟ್ಟಣದ ಮೇಲೆ ನೂರಕ್ಕೆ ನೂರು ಹತ್ತಿ ಎಂದಿರಬೇಕು ಅಷ್ಟೆ; ಪಾಲಿಯೆಸ್ಟರ್ ಬೆರೆತ ಬತ್ತಿ ಉರಿಯುವುದಕ್ಕಿಂತ ಹೆಚ್ಚಾಗಿ ಕರಗಿ ನಾರುತ್ತದೆ.

ಪತ್ರೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾದವರು ಭಾಗ್ಯವಂತರು. ನಮ್ಮ ಗರಿಕೆಯೇ ಇಲ್ಲಿ ಬರ್ಮುಡಾ ಗ್ರಾಸ್ ಎಂಬ ಹೆಸರಿನಲ್ಲಿ ಬೆಳೆಯುತ್ತದೆ, ಅರ್ಧ ಜನ ಅದನ್ನು ಕಳೆಯೆಂದು ಕಿತ್ತು ಬಿಸಾಡುತ್ತಾರೆ. ಆದರೆ ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೆ ಔಷಧಿ ಹೊಡೆದಿರುತ್ತಾರೆ, ನಾಯಿಗಳೂ ಓಡಾಡಿರುತ್ತವೆ. ಆದ್ದರಿಂದ ಒಂದು ಹಿಡಿ ಬೇರು ತಂದು ಬಾಲ್ಕನಿಯ ಕುಂಡದಲ್ಲಿ ನೆಟ್ಟುಕೊಳ್ಳಿ, ಎರಡು ತಿಂಗಳಲ್ಲಿ ಬೇಕಾದಷ್ಟು ಚಿಗುರುತ್ತದೆ. ದಾಳಿಂಬೆ ಗಿಡ ಯಾರದಾದರೂ ಹಿತ್ತಲಲ್ಲಿ ಇದ್ದೇ ಇರುತ್ತದೆ. 21 ಪತ್ರೆಗಳಲ್ಲಿ ಸೇರಿದ ಕಣಗಿಲೆಯಂತೂ ಹೆದ್ದಾರಿಗಳ ನಡುವೆ ಮೈಲುಗಟ್ಟಲೆ ಅರಳಿ ನಿಂತಿರುತ್ತದೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸುವ ಸಾಹಸ ಬೇಡ, ಪರಿಚಯದವರ ಬೇಲಿಯಿಂದ ಎರಡೆಲೆ ಕೇಳಿ ಪಡೆಯಿರಿ. ಅದು ವಿಷದ ಗಿಡವಾದ್ದರಿಂದ ಮಕ್ಕಳ ಕೈಗೆ ಕೊಡಬೇಡಿ, ನೈವೇದ್ಯದ ತಟ್ಟೆಗೂ ತಾಗಿಸಬೇಡಿ. ಕಾಂಪೌಂಡುಗಳ ಮೇಲೆ ಹಬ್ಬಿ ಘಮಘಮಿಸುವ ಸ್ಟಾರ್ ಜಾಸ್ಮಿನ್ ಎಂಬ ಬಳ್ಳಿಯನ್ನು ಕಂಡು ಮಲ್ಲಿಗೆಯೆಂದು ನಾನೂ ಮೊದಲ ವರ್ಷ ಹಿಗ್ಗಿದ್ದೆ. ಅದು ಕಣಗಿಲೆಯ ಬಳಗದ್ದು, ಮಲ್ಲಿಗೆಗೂ ಅದಕ್ಕೂ ಸಂಬಂಧವಿಲ್ಲ. ಬಾಳೆಎಲೆ, ಮಾವಿನೆಲೆ, ವೀಳ್ಯದೆಲೆ ಇಂಡಿಯನ್ ಅಂಗಡಿಗಳಿಗೆ ಹಬ್ಬದ ಹಿಂದಿನ ಎರಡು ದಿನ ಬಂದು ಸಂಜೆಯೊಳಗೆ ಮುಗಿದುಹೋಗುತ್ತವೆ. ಕಳಶಕ್ಕೆ ತೆಂಗಿನಕಾಯಿ ಕೊಳ್ಳುವಾಗ ಜುಟ್ಟು ನೋಡಿ ಆರಿಸಿ, ಏಕೆಂದರೆ ಇಲ್ಲಿಯ ಸೂಪರ್ ಮಾರ್ಕೆಟ್ಟಿನ ಕಾಯಿ ಬೋಳಾಗಿರುವುದಲ್ಲದೆ ಒಡೆಯಲು ಸುಲಭವಾಗಲೆಂದು ಸುತ್ತಲೂ ಗರಗಸದ ಗೀರು ಎಳೆಸಿಕೊಂಡಿರುತ್ತದೆ. ಅಂಥದ್ದನ್ನು ಚಟ್ನಿಗೆ ಬಳಸಿ.

ಮೂರ್ತಿಯನ್ನು ಅಂಗಡಿಯಲ್ಲಿ ಕೊಳ್ಳುವುದಾದರೆ ಬಣ್ಣ ಬಳಿಯದ ಮಣ್ಣಿನದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ನಾವು ಬಹಳ ವರ್ಷಗಳಿಂದ ಮನೆಯಲ್ಲೇ ಮಾಡುತ್ತೇವೆ. ಕುಂಬಾರಿಕೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಹದವಾಗಿ ಕಲೆಸಿದ ಜೇಡಿಮಣ್ಣು 25 ಪೌಂಡಿನ ಚೀಲದಲ್ಲಿ ಸಿಗುತ್ತದೆ. ಒಂದು ಚೀಲದಲ್ಲಿ ನಾಲ್ಕೈದು ಮನೆಗಳ ಗಣಪತಿಗಳು ಎದ್ದು ಕೂರುತ್ತವೆ. ಮಕ್ಕಳ ಕರಕುಶಲಕ್ಕೆಂದು ಮಾರುವ, ಗಾಳಿಗೆ ಗಟ್ಟಿಯಾಗುವ ಮಣ್ಣಿನಲ್ಲಿ ಕೆಲವಕ್ಕೆ ನಾರು, ಅಂಟು ಬೆರೆಸಿರುತ್ತಾರೆ, ಅದು ನೀರಿನಲ್ಲಿ ಬಿಡುವುದಿಲ್ಲ. ಅಂಗೈಯಗಲದ ಮೂರ್ತಿ ಸಾಕು. ಹೊಟ್ಟೆಯ ಭಾಗವನ್ನು ತಳದಿಂದ ಹೆಬ್ಬೆರಳಿನಲ್ಲಿ ಪೊಳ್ಳು ಮಾಡಿ, ಸೊಂಡಿಲನ್ನು ಹೊಟ್ಟೆಗೆ ಒರಗಿಸಿ ಅಂಟಿಸಿ, ಕಿವಿಗಳನ್ನು ಅಂಟಿಸುವ ಜಾಗದಲ್ಲಿ ಕಡ್ಡಿಯಿಂದ ಗೀರಿ, ಮಣ್ಣಿನ ಬಗ್ಗಡ ಸವರಿ ಒತ್ತಬೇಕು. ಇಲ್ಲವಾದರೆ ಒಣಗಿದ ಮೇಲೆ ಕಿವಿ ಕೈಗೆ ಬರುತ್ತದೆ. ನಮ್ಮ ಮನೆಯ ಮೊದಲನೇ ಗಣಪತಿ ಒಂದೇ ಕಿವಿಯಲ್ಲಿ ಪೂಜೆ ಮಾಡಿಸಿಕೊಂಡವನು. ಹಬ್ಬಕ್ಕೆ ಒಂದು ವಾರ ಮುಂಚೆ ಮಾಡಿ, ತೆಳುಬಟ್ಟೆ ಮುಚ್ಚಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಏಕೆಂದರೆ ಇಲ್ಲಿಯ ಒಣಹವೆಗೆ ಬಿಸಿಲೂ ಸೇರಿದರೆ ಬಿರುಕು ಬಿಡುತ್ತದೆ. ಗೌರಿಗೆ ಇಷ್ಟು ತಾಪತ್ರಯವಿಲ್ಲ. ಅರಿಶಿನಕ್ಕೆ ಸ್ವಲ್ಪ ಗೋಧಿಹಿಟ್ಟು ಸೇರಿಸಿ ಹಾಲಿನಲ್ಲಿ ಕಲೆಸಿ ಗೋಪುರದಂತೆ ತಿದ್ದಿದರೆ ಅರಿಶಿನದ ಗೌರಿ ಸಿದ್ಧ. ಕಲೆಸುವಾಗ ಕೆಳಗೆ ಹಳೆಯ ಚಾದರ ಹಾಸಿಕೊಳ್ಳಿ. ಬಾಡಿಗೆ ಮನೆಯ ಕಾರ್ಪೆಟ್ಟಿಗೆ ಬಿದ್ದ ಅರಿಶಿನ ಮುಂಗಡದ ಹಣದಲ್ಲಿ ಮುರಿದುಕೊಂಡೇ ಹೋಗುತ್ತದೆ.

ಬೆಂಕಿಯ ವಿಷಯವನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮೂರನೇ ವರ್ಷದ ಹಬ್ಬದಲ್ಲಿ ಒಂದು ಹಿಡಿ ಕರ್ಪೂರ ಹಾಕಿ ಮಹಾಮಂಗಳಾರತಿ ಎತ್ತಿದೆವು. ಗಂಟೆಯ ಸದ್ದು ನಿಲ್ಲುವುದರೊಳಗೆ ಇಡೀ ಕಟ್ಟಡದ ಅಲಾರಂ ಶುರುವಾಯಿತು. ನಾಲ್ಕು ಅಂತಸ್ತಿನ ಜನರೆಲ್ಲ ಕೆಳಗಿಳಿದು ಹುಲ್ಲಿನ ಮೇಲೆ ನಿಂತರು. ನಮ್ಮವರು ಪಂಚೆಯಲ್ಲಿ, ನಾನು ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಇನ್ನೂ ಬಿಸಿಯಿದ್ದ ಆರತಿ ತಟ್ಟೆ. ಅಗ್ನಿಶಾಮಕ ದಳದವರು ಬೂಟುಗಾಲಿನಲ್ಲೇ ಒಳಬಂದು, ಮಂಟಪವನ್ನು ನೋಡಿ, ಹೊಗೆ ಕಂಡರೆ ಕೂಗುವ ಮೇಲಿನ ಡಿಟೆಕ್ಟರನ್ನು ನೋಡಿ, ಕಿಟಕಿ ತೆರೆದು ಹೋದರು. ಆಮೇಲೆ ಕಟ್ಟಡದ ಕಚೇರಿಯಿಂದ ಒಂದು ಖಾರವಾದ ಕಾಗದ ಬಂತು. ಅಂದಿನಿಂದ ನಾವು ಪಾಲಿಸುವ ಕ್ರಮ ಇದು: ಮಂಟಪವನ್ನು ಡಿಟೆಕ್ಟರಿನಿಂದ ಆದಷ್ಟು ದೂರ, ಕಿಟಕಿಯ ಹತ್ತಿರ ಇಡುವುದು, ಆರತಿಗೆ ಮುಂಚೆಯೇ ಕಿಟಕಿ ತೆರೆದು ಅಡುಗೆಮನೆಯ ಫ್ಯಾನ್ ಹಾಕುವುದು, ಕರ್ಪೂರ ಒಂದೇ ಬಿಲ್ಲೆ, ಉಳಿದದ್ದೆಲ್ಲ ತುಪ್ಪದ ಬತ್ತಿ. ಡಿಟೆಕ್ಟರಿಗೆ ಪ್ಲಾಸ್ಟಿಕ್ ಕಟ್ಟುವುದು, ಬ್ಯಾಟರಿ ಕೀಳುವುದು ಇಂಥ ಸಲಹೆಗಳನ್ನು ಕೊಡುವವರು ಸಿಗುತ್ತಾರೆ; ಮರದ ಚೌಕಟ್ಟಿನ ಈ ಮನೆಗಳಲ್ಲಿ ಅದು ಶುದ್ಧ ಅವಿವೇಕ, ಬಾಡಿಗೆ ಕರಾರಿಗೂ ವಿರುದ್ಧ. ಬೆಂಕಿ ಆರಿಸಲು ನೀರು ಚಿಮ್ಮಿಸುವ ಚಾವಣಿಯ ಸ್ಪ್ರಿಂಕ್ಲರ್ ಹೊಗೆಗಲ್ಲ, ಶಾಖಕ್ಕೆ ತೆರೆದುಕೊಳ್ಳುವಂಥದ್ದು. ಮನೆಗಳಲ್ಲಿ ಹಾಕುವ ಸಾಮಾನ್ಯ ಬಗೆಯದಕ್ಕೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಸಾಕು, ಆದ್ದರಿಂದ ಎತ್ತರದ ದೀಪದ ಕಂಬವನ್ನು ಅದರ ನೇರ ಕೆಳಗೆ ಇಡಬೇಡಿ. ಮಲಗುವಾಗ, ಹೊರಗೆ ಹೋಗುವಾಗ ನಂದಾದೀಪದ ಜಾಗದಲ್ಲಿ ಬ್ಯಾಟರಿಯ ದೀಪ ಇಡುವುದರಲ್ಲಿ ನನಗಂತೂ ಸಂಕೋಚವಿಲ್ಲ.

ಬಾಗಿನದ ಪ್ರಶ್ನೆ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ತವರಿನಿಂದ ಗೌರಿ ಬಾಗಿನದ ದುಡ್ಡು ಈಗ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ, ಆದರೆ ಬಾಗಿನ ಕೊಡುವುದಕ್ಕೆ ಮೊರ ಎಲ್ಲಿದೆ, ಮುತ್ತೈದೆಯರು ಎಲ್ಲಿದ್ದಾರೆ? ಬಿದಿರಿನ ಚಿಕ್ಕ ಮೊರಗಳು ಒಮ್ಮೊಮ್ಮೆ ಇಲ್ಲಿಯ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ, ಸಿಕ್ಕಾಗ ಎರಡು ಜೊತೆ ಹೆಚ್ಚಿಗೆ ಕೊಂಡಿಡಿ. ನನ್ನ ಮೊದಲ ಬಾಗಿನ ಒಂದು ಡಾಲರಿನ ಅಂಗಡಿಯ ಎರಡು ಅಲ್ಯೂಮಿನಿಯಂ ತಟ್ಟೆಗಳಲ್ಲಿ ಆಯಿತು. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲ, ಉಪ್ಪು ಪುಟ್ಟ ಪೊಟ್ಟಣಗಳಲ್ಲಿ. ಮೇಲೆ ಕನ್ನಡಿ, ಬಾಚಣಿಗೆ, ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ. ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ದಾರ ಸುತ್ತಿದ್ದೆ. ಮೇಲಿನ ಮಹಡಿಯಲ್ಲಿ ಮಗನ ಮನೆಗೆಂದು ಬಂದಿದ್ದ ತುಮಕೂರಿನ ಹಿರಿಯರೊಬ್ಬರು ಸೆರಗಿನ ಮರೆಯಲ್ಲಿ ಅದನ್ನು ಹಿಡಿದುಕೊಂಡು, ತಟ್ಟೆಯ ಕಡೆ ಕಣ್ಣನ್ನೂ ಹಾಯಿಸದೆ, ‘ಮುಂದಿನ ವರ್ಷ ಮಗು ಎತ್ತಿಕೊಂಡು ಬಾಗಿನ ಕೊಡು ತಾಯಿ’ ಎಂದು ಹರಸಿದರು. ಬೇಸಿಗೆಯ ಆರು ತಿಂಗಳು ಹೀಗೆ ಮಕ್ಕಳ ಮನೆಗೆ ಬಂದು ಪಾರ್ಕಿನ ಬೆಂಚುಗಳ ಮೇಲೆ ಕೂರುವ ಅಮ್ಮಂದಿರು, ಅತ್ತೆಯರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ಕರೆದರೆ ಅವರಿಗೂ ಹಬ್ಬವಾಗುತ್ತದೆ, ನಿಮಗೆ ಕಥೆ ಓದಿ ಹೇಳುವವರು, ದಾರ ಕಟ್ಟುವವರು ಸಿಗುತ್ತಾರೆ. ಪುರೋಹಿತರೇ ಬೇಕೆನ್ನುವವರು ಜುಲೈಯಲ್ಲೇ ಮಾತಾಡಿಟ್ಟುಕೊಳ್ಳಬೇಕು. ಆ ದಿನ ಅವರಿಗೆ ಮನೆಯಿಂದ ಮನೆಗೆ ಓಡುವುದರಲ್ಲೇ ಹೊತ್ತು ಹೋಗುತ್ತದೆ. ಮನೆಯಲ್ಲಿ ಮಾಡಲಾಗದವರಿಗೆ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನವಿದೆ, ಸನಿವೇಲಿನಲ್ಲೂ ದೇವಸ್ಥಾನವಿದೆ, ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಕಾರ್ಯಕ್ರಮಗಳಿರುತ್ತವೆ.

ಅಡುಗೆಯ ಬಗ್ಗೆ ಎರಡೇ ಎಚ್ಚರಿಕೆ. ಫ್ರೀಜರಿನ ತುರಿದ ಕಾಯಿಯನ್ನು ಹಾಗೇ ಬೆಲ್ಲಕ್ಕೆ ಹಾಕಿದರೆ ಹೂರಣ ನೀರಾಗಿ, ಕಡುಬು ಎಣ್ಣೆಯಲ್ಲಿ ಬಾಯಿಬಿಟ್ಟು ಸಿಡಿಯುತ್ತದೆ. ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಹಿಂಡಿ, ಬರೀ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಬೆಲ್ಲ ಸೇರಿಸಿ. ಇನ್ನು ಇಲ್ಲಿಯ ಆಲ್ ಪರ್ಪಸ್ ಹಿಟ್ಟಿನ ಕಣಕ ನಮ್ಮ ಮೈದಾದಂತೆ ಹೇಳಿದ ಮಾತು ಕೇಳುವುದಿಲ್ಲ, ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸಡಿಲವಾಗಿ ಕಲೆಸಿ, ಮೇಲೆ ಎಣ್ಣೆ ಹಾಕಿ ಮೂರು ಗಂಟೆ ನೆನೆಯಲು ಬಿಟ್ಟರೆ ಒಬ್ಬಟ್ಟು ತೆಳ್ಳಗೆ ಬರುತ್ತದೆ. ಕಡಲೆ ಗುಗ್ಗರಿ, ಪಂಚಕಜ್ಜಾಯ ಎಲ್ಲಿದ್ದರೂ ಒಂದೇ.

ಸಂಜೆ ಚಂದ್ರದರ್ಶನವಾಗಿಬಿಟ್ಟರೆ ಗಾಬರಿಯಾಗಬೇಡಿ. ಪಶ್ಚಿಮಕ್ಕೆ ಕಾರು ಓಡಿಸುತ್ತಾ ಆಫೀಸಿನಿಂದ ಮನೆಗೆ ಬರುವವರಿಗೆ ಚೌತಿಯ ಚಂದ್ರ ಗಾಜಿನೆದುರೇ ಬಂದು ನಿಲ್ಲುತ್ತಾನೆ. ಮನೆಗೆ ಬಂದು ಶ್ಯಮಂತಕ ಮಣಿಯ ಕಥೆಯನ್ನು ಮಕ್ಕಳಿಗೆ ಹೇಳಿ, ಅಕ್ಷತೆ ಹಾಕಿಕೊಳ್ಳಿ.

ವಿಸರ್ಜನೆಗೆ ಕೆರೆ, ಕಾಲುವೆ, ಸಮುದ್ರ ಯಾವುದನ್ನೂ ಹುಡುಕಿಕೊಂಡು ಹೋಗಬೇಡಿ; ಅನುಮತಿಯಿಲ್ಲದೆ ಸಾರ್ವಜನಿಕ ನೀರಿಗೆ ಏನನ್ನು ಹಾಕಿದರೂ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಮನೆಯ ಸ್ನಾನದ ತೊಟ್ಟಿಯಲ್ಲೂ ಬೇಡ, ಮಣ್ಣು ಕೊಳವೆಯಲ್ಲಿ ಕುಳಿತರೆ ಪ್ಲಂಬರನ ಖರ್ಚು ಹಬ್ಬದ ಖರ್ಚನ್ನು ಮೀರುತ್ತದೆ. ಐದು ಗ್ಯಾಲನ್ ಹಿಡಿಯುವ ಹೊಸ ಬಕೆಟ್ ತಂದು, ಅರಿಶಿನ ಕುಂಕುಮ ಹಚ್ಚಿ, ನೀರು ತುಂಬಿ ಬಾಲ್ಕನಿಯಲ್ಲಿಡಿ. ಗೆಜ್ಜೆವಸ್ತ್ರ, ಹೂವು, ದಾರಗಳನ್ನು ಮೊದಲು ಬಿಡಿಸಿ, ಗೌರಿಯನ್ನೂ ಗಣಪನನ್ನೂ ಜೊತೆಯಾಗಿ ಮೂರು ಸಲ ಮುಳುಗಿಸಿ ಬಿಡಿ. ಸುಡದ ಮಣ್ಣು ರಾತ್ರಿ ಕಳೆಯುವುದರೊಳಗೆ ಕುಸಿದು ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಗರಿಕೆಯ ಕುಂಡಕ್ಕೆ, ತುಳಸಿಗೆ ಹಾಕಿ. ತಳದ ಮಣ್ಣನ್ನು ನಾನು ಬಿಸಾಡುವುದಿಲ್ಲ. ಹಳೆಯ ಕಾಟನ್ ಪಂಚೆಯ ಮೇಲೆ ಸುರಿದು ಎರಡು ದಿನ ನೀರು ಬಸಿಯಲು ಬಿಟ್ಟು, ಒದ್ದೆಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಬಾಯಿ ಬಿಗಿದು ಗರಾಜಿನ ಮೂಲೆಯಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆ ಸ್ವಲ್ಪ ನೀರು ಚಿಮುಕಿಸಿದರೆ ಮುಂದಿನ ಭಾದ್ರಪದದವರೆಗೂ ಮೆತ್ತಗೇ ಇರುತ್ತದೆ.